ಅರ್ಹ ವ್ಯವಹಾರ ಆದಾಯ ಕಡಿತ

ಅರ್ಹ ವ್ಯವಹಾರ ಆದಾಯ ಕಡಿತವು ಅಮೆರಿಕ ಸಂಯುಕ್ತ ಸಂಸ್ಥಾನದ ಆಂತರಿಕ ಕಂದಾಯ ಸಂಹಿತೆಯ ಸೆಕ್ಷನ್ 199ಎ ಅಡಿಯಲ್ಲಿ ಸ್ವಯಂ ಉದ್ಯೋಗಿಗಳು, ಪಾಲುದಾರರು, ಎಸ್ ಕಾರ್ಪೊರೇಷನ್ ಷೇರುದಾರರು ಹಾಗೂ ಕೆಲವು ಟ್ರಸ್ಟ್ ಮತ್ತು ಎಸ್ಟೇಟ್‌ಗಳಿಗೆ ದೊರೆಯುವ ಫೆಡರಲ್ ಆದಾಯ ತೆರಿಗೆ ಕಡಿತ. ವ್ಯವಹಾರದ ನಿವ್ವಳ ಆದಾಯದ ಶೇ 20ರವರೆಗಿನ ಮೊತ್ತವನ್ನು ತೆರಿಗೆಗೊಳಪಡುವ ಆದಾಯದಿಂದ ಕಳೆಯಲು ಇದು ಅವಕಾಶ ಕೊಡುತ್ತದೆ. ಇದಕ್ಕಾಗಿ ಯಾವ ಖರ್ಚನ್ನೂ ಮಾಡಬೇಕಿಲ್ಲ, ಯಾವ ಹೂಡಿಕೆಯನ್ನೂ ತೋರಿಸಬೇಕಿಲ್ಲ. 2018ರ ತೆರಿಗೆ ವರ್ಷದಿಂದ ಜಾರಿಯಲ್ಲಿರುವ ಈ ಕಡಿತವನ್ನು 2025ರ ಜುಲೈನಲ್ಲಿ ಕಾಯಂಗೊಳಿಸಲಾಯಿತು.

ಶೇ 20 ಎಂಬುದು ಗರಿಷ್ಠ ಮಿತಿ ಮಾತ್ರ. ಕೈಗೆ ಸಿಗುವ ಮೊತ್ತವನ್ನು ತೀರ್ಮಾನಿಸುವಲ್ಲಿ ವ್ಯವಹಾರದ ಲಾಭಕ್ಕಿಂತಲೂ ತೆರಿಗೆದಾರನ ಒಟ್ಟಾರೆ ತೆರಿಗೆಗೊಳಪಡುವ ಆದಾಯದ ಪಾತ್ರ ದೊಡ್ಡದು. ಸಂಗಾತಿಯ ಸಂಬಳ, ಬ್ಯಾಂಕ್ ಬಡ್ಡಿ, ಷೇರು ಮಾರಾಟದ ಲಾಭ ಇವೆಲ್ಲ ವ್ಯವಹಾರಕ್ಕೆ ಸಂಬಂಧಿಸಿರದಿದ್ದರೂ ಈ ಲೆಕ್ಕದ ಫಲವನ್ನು ಬದಲಿಸಬಲ್ಲವು.

ಪರಿಭಾಷೆ

ಈ ಲೇಖನದಲ್ಲಿ ‘ತೆರಿಗೆಗೊಳಪಡುವ ಆದಾಯ’ ಎಂದರೆ ಪ್ರಮಾಣಿತ ಅಥವಾ ಬಿಡಿಬಿಡಿ ಕಡಿತಗಳನ್ನು ಕಳೆದ ಬಳಿಕ, ಆದರೆ ಸೆಕ್ಷನ್ 199ಎ ಕಡಿತವನ್ನು ಕಳೆಯುವ ಮೊದಲು ಉಳಿಯುವ ಆದಾಯ. ‘ಗಡಿ ಮೊತ್ತ’ ಎಂದರೆ ಹೆಚ್ಚುವರಿ ನಿರ್ಬಂಧಗಳು ಯಾವ ಆದಾಯದಿಂದ ಮೇಲೆ ಆರಂಭವಾಗುತ್ತವೆಯೋ ಆ ಮೊತ್ತ. ಆ ನಿರ್ಬಂಧಗಳು ಹಂತಹಂತವಾಗಿ ಬಿಗಿಯಾಗುವ ಆದಾಯದ ಅಂತರ ‘ಸಂಕ್ರಮಣ ವಲಯ’. ‘ಡಬ್ಲ್ಯು-2 ವೇತನ’ವು ವ್ಯವಹಾರವು ತನ್ನ ನೌಕರರಿಗೆ ಕೊಟ್ಟು, ಡಬ್ಲ್ಯು-2 ನಮೂನೆಯಲ್ಲಿ ಸಾಮಾಜಿಕ ಭದ್ರತಾ ಆಡಳಿತಕ್ಕೆ ವರದಿ ಮಾಡಿದ ಸಂಬಳ. ‘ಪಾಸ್-ಥ್ರೂ ಸಂಸ್ಥೆ’ ಎಂದರೆ ಸಂಸ್ಥೆಯ ಮಟ್ಟದಲ್ಲಿ ಆದಾಯ ತೆರಿಗೆ ಕಟ್ಟದೆ, ಲಾಭವನ್ನು ಮಾಲೀಕರ ವೈಯಕ್ತಿಕ ರಿಟರ್ನ್‌ಗೆ ವರ್ಗಾಯಿಸುವ ಸಂಸ್ಥೆ. ಅರ್ಹ ವ್ಯವಹಾರ ಆದಾಯವನ್ನು ಅಲ್ಲಿನ ತೆರಿಗೆ ಸಲಹೆಗಾರರು ಕ್ಯುಬಿಐ ಎಂದೇ ಕರೆಯುತ್ತಾರೆ.

ಹಿನ್ನೆಲೆ

ಅಮೆರಿಕದಲ್ಲಿ ಸಾಮಾನ್ಯ ಕಂಪನಿಗಳು, ಅಂದರೆ ಸಿ ಕಾರ್ಪೊರೇಷನ್‌ಗಳು, ತಮ್ಮ ಲಾಭದ ಮೇಲೆ ತಾವೇ ತೆರಿಗೆ ಕಟ್ಟುತ್ತವೆ. ಷೇರುದಾರರು ಡಿವಿಡೆಂಡ್ ಪಡೆದಾಗ ಮತ್ತೊಮ್ಮೆ ತೆರಿಗೆ ಬೀಳುತ್ತದೆ. ಏಕಮಾಲೀಕತ್ವದ ವ್ಯವಹಾರ, ಪಾಲುದಾರಿಕೆ ಸಂಸ್ಥೆ ಹಾಗೂ ಎಸ್ ಕಾರ್ಪೊರೇಷನ್‌ಗಳ ಲಾಭಕ್ಕೆ ಮಾಲೀಕರ ವೈಯಕ್ತಿಕ ಸ್ಲ್ಯಾಬ್ ದರದಲ್ಲಿ ಒಂದೇ ಸಲ ತೆರಿಗೆ. ಅಮೆರಿಕದ ವ್ಯವಹಾರಗಳಲ್ಲಿ ಬಹುಪಾಲು ಈ ಎರಡನೆಯ ಗುಂಪಿಗೆ ಸೇರಿವೆ.

2017ರಲ್ಲಿ ಸಂಸತ್ತು ಕಾರ್ಪೊರೇಟ್ ತೆರಿಗೆಯ ಗರಿಷ್ಠ ದರವನ್ನು ಶೇ 35ರಿಂದ ಏಕರೂಪದ ಶೇ 21ಕ್ಕೆ ಇಳಿಸಲು ಹೊರಟಾಗ ವೈಯಕ್ತಿಕ ತೆರಿಗೆಯ ಮೇಲಿನ ಸ್ಲ್ಯಾಬ್ ಶೇ 39.6ರಿಂದ ಶೇ 37ಕ್ಕಷ್ಟೇ ಇಳಿಯುವುದಿತ್ತು. ಸಣ್ಣ ವ್ಯವಹಾರಗಳು ಹಿಂದೆ ಬೀಳುತ್ತವೆ ಎಂಬ ಆಕ್ಷೇಪ ಎದ್ದಿತು. ಪ್ರತಿನಿಧಿ ಸಭೆಯ ಮಸೂದೆ ವ್ಯವಹಾರದ ಆದಾಯಕ್ಕೆ ಶೇ 25ರ ಗರಿಷ್ಠ ದರವನ್ನು ಸೂಚಿಸಿತು. ಸೆನೆಟ್ ದರ ಇಳಿಸುವ ಬದಲು ಕಡಿತದ ದಾರಿ ಹಿಡಿದು ಮೊದಲು ಶೇ 17.4 ಎಂದಿತು. ಪಾಸ್-ಥ್ರೂ ವ್ಯವಹಾರಗಳಿಗೆ ಅನ್ಯಾಯವಾಗುತ್ತಿದೆ ಎಂದು ವಿಸ್ಕಾನ್ಸಿನ್‌ನ ಸೆನೆಟರ್ ರಾನ್ ಜಾನ್ಸನ್ ಮಸೂದೆಗೆ ಬಹಿರಂಗ ವಿರೋಧ ವ್ಯಕ್ತಪಡಿಸಿದ್ದರು. ಸೆನೆಟ್ ಆ ಪ್ರಮಾಣವನ್ನು ಶೇ 23ಕ್ಕೆ ಏರಿಸಿತು. ಎರಡೂ ಸದನಗಳ ಜಂಟಿ ಸಮಿತಿ ಶೇ 20ಕ್ಕೆ ಒಪ್ಪಿತು. 2017ರ ಡಿಸೆಂಬರ್ 22ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ತೆರಿಗೆ ಇಳಿಕೆ ಮತ್ತು ಉದ್ಯೋಗ ಕಾಯ್ದೆಯ ಭಾಗವಾಗಿ ಸೆಕ್ಷನ್ 199ಎ ಜಾರಿಗೆ ಬಂತು. ಪೂರ್ಣ ಕಡಿತ ಸಿಕ್ಕವರಿಗೆ ಶೇ 37ರ ಮೇಲಿನ ದರವು ಶೇ 29.6ಕ್ಕೆ ಇಳಿದಂತಾಗುತ್ತದೆ.

ಸೆಕ್ಷನ್ ಸಂಖ್ಯೆಗೂ ಒಂದು ಹಿನ್ನೆಲೆಯಿದೆ. ದೇಶದೊಳಗಿನ ಉತ್ಪಾದನೆಗೆ ಶೇ 9ರವರೆಗೆ ಕಡಿತ ಕೊಡುತ್ತಿದ್ದ, 2004ರ ಕಾನೂನಿನಿಂದ ಬಂದಿದ್ದ ಸೆಕ್ಷನ್ 199ನ್ನು ಇದೇ ಕಾಯ್ದೆ ರದ್ದುಪಡಿಸಿತು. ವೇತನಕ್ಕೆ ತಳುಕು ಹಾಕಿದ ಮಿತಿ ಅದರಲ್ಲಿಯೂ ಇತ್ತು. ರಾಜ್ಯ ಮಟ್ಟದ ಒಂದು ಪ್ರಯೋಗವೂ ಆಗ ಚರ್ಚೆಯಲ್ಲಿತ್ತು. ಕ್ಯಾನ್ಸಸ್ ರಾಜ್ಯವು 2012ರ ಕಾನೂನಿನಲ್ಲಿ ಪಾಸ್-ಥ್ರೂ ಲಾಭಕ್ಕೆ ರಾಜ್ಯ ತೆರಿಗೆಯನ್ನೇ ತೆಗೆದುಹಾಕಿತ್ತು. ಬೊಕ್ಕಸಕ್ಕೆ ಭಾರಿ ಕೊರತೆಯಾಗಿ, 2017ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಅವರ ನಿರಾಕರಣಾಧಿಕಾರವನ್ನೂ ಮೀರಿ ಶಾಸಕಾಂಗ ಆ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಸಂಬಳವನ್ನು ಲಾಭವೆಂದು ತೋರಿಸುವ ದಾರಿಗಳನ್ನು ಮುಚ್ಚುವುದಕ್ಕೇ ಸೆಕ್ಷನ್ 199ಎಯಲ್ಲಿ ಇಷ್ಟೊಂದು ನಿರ್ಬಂಧಗಳು ಸೇರಿವೆ.

2018ರ ಮಾರ್ಚ್‌ನಲ್ಲಿ ಮೊದಲ ತಿದ್ದುಪಡಿಯಾಯಿತು. ಮೂಲ ಪಠ್ಯದ ಪ್ರಕಾರ, ಧಾನ್ಯವನ್ನು ಸಹಕಾರ ಸಂಘಕ್ಕೆ ಮಾರಿದ ರೈತನಿಗೆ ಖಾಸಗಿ ವ್ಯಾಪಾರಿಗೆ ಮಾರಿದವನಿಗಿಂತ ಹೆಚ್ಚಿನ ಕಡಿತ ಸಿಗುತ್ತಿತ್ತು. ‘ಧಾನ್ಯದ ಲೋಪ’ ಎಂದು ಹೆಸರಾದ ಇದನ್ನು ಸರಿಪಡಿಸಲಾಯಿತು. ಕಂದಾಯ ಇಲಾಖೆಯ ವಿವರವಾದ ಅಂತಿಮ ನಿಯಮಗಳು 2019ರ ಜನವರಿಯಲ್ಲಿ ಹೊರಬಂದವು.

ಯಾರು ಅರ್ಹರು

ಶೆಡ್ಯೂಲ್ ಸಿ ಸಲ್ಲಿಸುವ ಏಕಮಾಲೀಕರು, ಶೆಡ್ಯೂಲ್ ಎಫ್ ಸಲ್ಲಿಸುವ ರೈತರು, ಏಕಸದಸ್ಯ ಸೀಮಿತ ಹೊಣೆಗಾರಿಕೆ ಕಂಪನಿಗಳ ಮಾಲೀಕರು, ಪಾಲುದಾರರು ಮತ್ತು ಎಸ್ ಕಾರ್ಪೊರೇಷನ್ ಷೇರುದಾರರು ಅರ್ಹರು. ಸಿ ಕಾರ್ಪೊರೇಷನ್‌ಗಳಿಗೆ ಇದು ಸಿಗದು. ನೌಕರನಾಗಿ ದುಡಿಯುವುದು ಈ ಸೆಕ್ಷನ್ನಿನ ಮಟ್ಟಿಗೆ ವ್ಯವಹಾರವಲ್ಲ, ಆದ್ದರಿಂದ ಸಂಬಳಕ್ಕೂ ಇದು ಅನ್ವಯಿಸದು. ನೌಕರಿ ಬಿಟ್ಟು ಅದೇ ಸಂಸ್ಥೆಗೆ ಅದೇ ಕೆಲಸವನ್ನು ಗುತ್ತಿಗೆಯ ಮೇಲೆ ಮಾಡಿಕೊಡುವವನನ್ನು ಮೂರು ವರ್ಷಗಳ ಕಾಲ ನೌಕರನೆಂದೇ ಭಾವಿಸಲಾಗುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ತೆರಿಗೆದಾರನದು.

ಆದಾಯವು ಅಮೆರಿಕದೊಳಗಿನ ವ್ಯವಹಾರಕ್ಕೆ ಸಂಬಂಧಿಸಿರಬೇಕು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಡಬ್ಲ್ಯು-2 ಸಂಬಳದ ಮೇಲಿರುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಈ ಕಡಿತವಿಲ್ಲ. ಅದೇ ಕೆಲಸವನ್ನು ಸ್ವತಂತ್ರ ಗುತ್ತಿಗೆದಾರನಾಗಿ ಮಾಡಿ 1099 ನಮೂನೆಯಲ್ಲಿ ಹಣ ಪಡೆಯುವವನಿಗೆ ಇದೆ. ಬೆಂಗಳೂರು ಅಥವಾ ಮೈಸೂರಿನಲ್ಲಿರುವ ಮನೆಯಿಂದ ಬರುವ ಬಾಡಿಗೆಯನ್ನು ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕಾದರೂ ಅದು ಅರ್ಹ ವ್ಯವಹಾರ ಆದಾಯವಲ್ಲ.

ಅರ್ಹ ವ್ಯವಹಾರ ಆದಾಯದ ಲೆಕ್ಕ

ಸ್ವಯಂ ಉದ್ಯೋಗಿಗೆ ಲೆಕ್ಕ ಆರಂಭವಾಗುವುದು ಶೆಡ್ಯೂಲ್ ಸಿ ನಿವ್ವಳ ಲಾಭದಿಂದ. ಸವಕಳಿ, ಮನೆಯ ಕಚೇರಿ ವೆಚ್ಚ, ವಾಹನ ವೆಚ್ಚ ಮೊದಲಾದವು ಅಲ್ಲಿಯೇ ಕಳೆದಿರುತ್ತವೆ. ಆ ಲಾಭದಿಂದ ಇನ್ನೂ ಮೂರು ಮೊತ್ತಗಳನ್ನು, ಅವು ಆ ವ್ಯವಹಾರಕ್ಕೆ ಸಂಬಂಧಿಸಿದ ಮಟ್ಟಿಗೆ, ಕಳೆಯಬೇಕು: ಸ್ವಯಂ ಉದ್ಯೋಗ ತೆರಿಗೆಯಲ್ಲಿ ಕಡಿತಕ್ಕೆ ಅವಕಾಶವಿರುವ ಅರ್ಧ, ಸ್ವಯಂ ಉದ್ಯೋಗಿಯ ಆರೋಗ್ಯ ವಿಮೆಯ ಕಂತು, ಹಾಗೂ ಎಸ್‌ಇಪಿಯಂಥ ನಿವೃತ್ತಿ ಯೋಜನೆಗಳಿಗೆ ಸ್ವಯಂ ಉದ್ಯೋಗಿಯಾಗಿ ಕಟ್ಟಿದ ವಂತಿಗೆ. ಶೆಡ್ಯೂಲ್ ಸಿ ಲಾಭವನ್ನೇ ನೇರವಾಗಿ ಶೇ 20ರಿಂದ ಗುಣಿಸುವುದು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ನಿವೃತ್ತಿ ವಂತಿಗೆ ಎರಡು ಕಡೆ ಕೆಲಸ ಮಾಡುತ್ತದೆ. 1 ಡಾಲರ್ ವಂತಿಗೆ ಕಟ್ಟಿದರೆ ಅರ್ಹ ಆದಾಯ 1 ಡಾಲರ್ ಇಳಿದು, ಈ ಕಡಿತ 20 ಸೆಂಟ್‌ನಷ್ಟು ತಗ್ಗುತ್ತದೆ. ಆದರೆ ಅದೇ ವಂತಿಗೆ ತೆರಿಗೆಗೊಳಪಡುವ ಆದಾಯವನ್ನು ಗಡಿ ಮೊತ್ತದ ಕೆಳಗೆ ತಂದರೆ ಇಡೀ ಕಡಿತವೇ ಉಳಿದುಕೊಳ್ಳಬಹುದು.

ಬಂಡವಾಳ ಲಾಭ ಮತ್ತು ನಷ್ಟ, ಡಿವಿಡೆಂಡ್, ವ್ಯವಹಾರಕ್ಕೆ ಸೇರದ ಬಡ್ಡಿ ಇವು ಅರ್ಹ ಆದಾಯದಲ್ಲಿ ಸೇರುವುದಿಲ್ಲ. ಎಸ್ ಕಾರ್ಪೊರೇಷನ್ ತನ್ನ ಷೇರುದಾರ-ನೌಕರನಿಗೆ ಕೊಡುವ ನ್ಯಾಯಸಮ್ಮತ ಸಂಬಳವೂ, ಪಾಲುದಾರಿಕೆ ಸಂಸ್ಥೆ ಪಾಲುದಾರನ ಸೇವೆಗೆ ಕೊಡುವ ಖಾತರಿ ಪಾವತಿಯೂ ಹೊರಗುಳಿಯುತ್ತವೆ. ಏಕಮಾಲೀಕ ತನ್ನ ವ್ಯವಹಾರದಿಂದ ತೆಗೆದುಕೊಳ್ಳುವ ಹಣ ಸಂಬಳವಲ್ಲ, ಆದ್ದರಿಂದ ಅದು ಅರ್ಹ ಆದಾಯವನ್ನು ಕುಗ್ಗಿಸುವುದಿಲ್ಲ.

ಗಡಿ ಮೊತ್ತದೊಳಗಿನ ಲೆಕ್ಕ

ತೆರಿಗೆಗೊಳಪಡುವ ಆದಾಯ ಗಡಿ ಮೊತ್ತವನ್ನು ಮೀರದಿದ್ದರೆ ಎರಡು ಸಂಖ್ಯೆಗಳನ್ನು ಹೋಲಿಸಿದರೆ ಸಾಕು. ಒಂದು, ಅರ್ಹ ವ್ಯವಹಾರ ಆದಾಯದ ಶೇ 20. ಇನ್ನೊಂದು, ತೆರಿಗೆಗೊಳಪಡುವ ಆದಾಯದಿಂದ ನಿವ್ವಳ ಬಂಡವಾಳ ಲಾಭವನ್ನು ಕಳೆದು ಉಳಿದುದರ ಶೇ 20. ಅರ್ಹ ಡಿವಿಡೆಂಡ್‌ಗಳನ್ನೂ ಇಲ್ಲಿ ಬಂಡವಾಳ ಲಾಭದ ಜೊತೆ ಸೇರಿಸಬೇಕು. ಎರಡರಲ್ಲಿ ಕಡಿಮೆಯಾದದ್ದೇ ಕಡಿತ. ವೃತ್ತಿ ಯಾವುದು, ನೌಕರರಿದ್ದಾರೆಯೇ ಎಂಬ ಪ್ರಶ್ನೆಗಳು ಈ ಹಂತದಲ್ಲಿ ಏಳುವುದಿಲ್ಲ.

2025ರಲ್ಲಿ ಅವಿವಾಹಿತ ಸ್ವಯಂ ಉದ್ಯೋಗಿಯೊಬ್ಬರ ಶೆಡ್ಯೂಲ್ ಸಿ ಲಾಭ 1,00,000 ಡಾಲರ್ ಎಂದೂ ಬೇರೆ ಆದಾಯವಿಲ್ಲವೆಂದೂ ಇಟ್ಟುಕೊಳ್ಳಬಹುದು. ಲಾಭದ ಶೇ 92.35 ಭಾಗದ ಮೇಲೆ ಶೇ 15.3ರಂತೆ ಸ್ವಯಂ ಉದ್ಯೋಗ ತೆರಿಗೆ 14,130 ಡಾಲರ್ ಆಗುತ್ತದೆ. ಅದರ ಅರ್ಧ 7,065 ಡಾಲರನ್ನು ಕಳೆದರೆ ಅರ್ಹ ವ್ಯವಹಾರ ಆದಾಯ 92,935 ಡಾಲರ್. ಅದರ ಶೇ 20 ಎಂದರೆ 18,587 ಡಾಲರ್. ಆ ವರ್ಷದ ಪ್ರಮಾಣಿತ ಕಡಿತ 15,750 ಡಾಲರನ್ನು ಕಳೆದಾಗ ತೆರಿಗೆಗೊಳಪಡುವ ಆದಾಯ 77,185 ಡಾಲರ್. ಅದರ ಶೇ 20 ಎಂದರೆ 15,437 ಡಾಲರ್. ಇವೆರಡರಲ್ಲಿ ಕಡಿಮೆಯಾದ 15,437 ಡಾಲರ್ ಕಡಿತವಾಗಿ ದೊರೆತು, ತೆರಿಗೆ 61,748 ಡಾಲರ್ ಮೇಲೆ ಬೀಳುತ್ತದೆ. ಕಡಿತವಾದ ಮೊತ್ತವೆಲ್ಲ ಶೇ 22ರ ಸ್ಲ್ಯಾಬ್‌ನಲ್ಲಿರುವುದರಿಂದ ಉಳಿತಾಯ ಸುಮಾರು 3,396 ಡಾಲರ್. ವ್ಯವಹಾರವೊಂದನ್ನೇ ನೆಚ್ಚಿಕೊಂಡವರಿಗೆ ಸಾಮಾನ್ಯವಾಗಿ ಎರಡನೆಯ ಮಿತಿಯೇ ಅನ್ವಯವಾಗುತ್ತದೆ. ಸಂಗಾತಿಗೆ ಸಂಬಳವಿದ್ದು ಜಂಟಿ ರಿಟರ್ನ್ ಸಲ್ಲಿಸಿದರೆ ಮೊದಲನೆಯ ಮಿತಿ ಮುಂದೆ ಬರುತ್ತದೆ.

ಈ ಕಡಿತ ಹೊಂದಾಣಿಕೆಯಾದ ಒಟ್ಟು ಆದಾಯವನ್ನು ಇಳಿಸುವುದಿಲ್ಲ, ಸ್ವಯಂ ಉದ್ಯೋಗ ತೆರಿಗೆಯನ್ನೂ ಮುಟ್ಟುವುದಿಲ್ಲ. ಪ್ರಮಾಣಿತ ಕಡಿತ ಪಡೆದವರಿಗೂ ಬಿಡಿಬಿಡಿ ಕಡಿತ ಪಡೆದವರಿಗೂ ಸಮಾನವಾಗಿ ಸಿಗುತ್ತದೆ.

ಗಡಿ ಮೊತ್ತಗಳು

2018ರಲ್ಲಿ ಗಡಿ ಮೊತ್ತ ಜಂಟಿ ರಿಟರ್ನ್‌ಗೆ 3,15,000 ಡಾಲರ್, ಇತರರಿಗೆ 1,57,500 ಡಾಲರ್ ಇತ್ತು. ಹಣದುಬ್ಬರಕ್ಕೆ ತಕ್ಕಂತೆ ಪ್ರತಿ ವರ್ಷ ಏರಿ, 2024ರಲ್ಲಿ 3,83,900 ಮತ್ತು 1,91,950 ಡಾಲರ್, 2025ರಲ್ಲಿ 3,94,600 ಮತ್ತು 1,97,300 ಡಾಲರ್ ಆಯಿತು. 2026ಕ್ಕೆ ಇದು 4,03,500 ಮತ್ತು 2,01,750 ಡಾಲರ್. ಸಂಕ್ರಮಣ ವಲಯದ ಅಗಲ 2025ರವರೆಗೆ ಜಂಟಿ ರಿಟರ್ನ್‌ಗೆ 1,00,000 ಡಾಲರ್, ಇತರರಿಗೆ 50,000 ಡಾಲರ್ ಇತ್ತು. 2026ರಿಂದ ಅದು 1,50,000 ಮತ್ತು 75,000 ಡಾಲರ್.

ವೇತನ ಮತ್ತು ಆಸ್ತಿಯ ಮಿತಿ

ಆದಾಯ ಸಂಕ್ರಮಣ ವಲಯವನ್ನೂ ದಾಟಿದಾಗ ಪ್ರತಿ ವ್ಯವಹಾರದ ಕಡಿತಕ್ಕೆ ಮತ್ತೊಂದು ಮಿತಿ ಪೂರ್ಣವಾಗಿ ಅನ್ವಯಿಸುತ್ತದೆ. ವ್ಯವಹಾರದ ಡಬ್ಲ್ಯು-2 ವೇತನದ ಶೇ 50, ಅಥವಾ ವೇತನದ ಶೇ 25 ಮತ್ತು ಅರ್ಹ ಆಸ್ತಿಯ ಮೂಲ ವೆಚ್ಚದ ಶೇ 2.5 ಇವುಗಳ ಮೊತ್ತ, ಈ ಎರಡರಲ್ಲಿ ಹೆಚ್ಚಿನದನ್ನು ಕಡಿತ ಮೀರುವಂತಿಲ್ಲ. ಎರಡನೆಯ ಸೂತ್ರ 2017ರ ಜಂಟಿ ಸಮಿತಿಯ ಹಂತದಲ್ಲಿ ಸೇರಿದ್ದು. ನೌಕರರು ಕಡಿಮೆಯಿದ್ದು ಕಟ್ಟಡಗಳೇ ಬಂಡವಾಳವಾಗಿರುವ ರಿಯಲ್ ಎಸ್ಟೇಟ್ ವ್ಯವಹಾರಗಳಿಗೆ ಅದರಿಂದ ನೆರವಾಯಿತು. 10,00,000 ಡಾಲರ್ ವೆಚ್ಚದ ಬಾಡಿಗೆ ಕಟ್ಟಡವಿದ್ದು ಒಬ್ಬ ನೌಕರನೂ ಇಲ್ಲದಿದ್ದರೆ 25,000 ಡಾಲರ್‌ವರೆಗೆ ಕಡಿತ ಸಾಧ್ಯ. ಭೂಮಿಯ ಬೆಲೆ ಇದರಲ್ಲಿ ಸೇರದು, ಏಕೆಂದರೆ ಆಸ್ತಿ ಸವಕಳಿಗೆ ಒಳಪಡುವಂಥದ್ದಾಗಿರಬೇಕು. ಬಳಕೆಗೆ ಬಂದ ಮೇಲೆ ಕನಿಷ್ಠ 10 ವರ್ಷ, ಸವಕಳಿಯ ಅವಧಿ ಅದಕ್ಕಿಂತ ದೀರ್ಘವಾಗಿದ್ದರೆ ಆ ಅವಧಿಯ ಕೊನೆಯ ಪೂರ್ಣ ವರ್ಷದವರೆಗೆ, ಆಸ್ತಿ ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ಎಷ್ಟು ಸವಕಳಿ ಪಡೆಯಲಾಗಿದೆ ಎಂಬುದು ಮುಖ್ಯವಲ್ಲ.

ಈ ಮಿತಿ ಒಂಟಿಯಾಗಿ ದುಡಿಯುವ ಹೆಚ್ಚು ಆದಾಯದ ಸ್ವಯಂ ಉದ್ಯೋಗಿಗೆ ಅತ್ಯಂತ ಕಠಿಣ. ಏಕಮಾಲೀಕ ತನಗೆ ತಾನೇ ಡಬ್ಲ್ಯು-2 ಸಂಬಳ ಕೊಟ್ಟುಕೊಳ್ಳಲಾರ. ಆದ್ದರಿಂದ 2025ರಲ್ಲಿ 3,50,000 ಡಾಲರ್ ಲಾಭವಿದ್ದು, ನೌಕರರೂ ಆಸ್ತಿಯೂ ಇಲ್ಲದ ಅವಿವಾಹಿತ ಎಂಜಿನಿಯರ್‌ಗೆ ಕಡಿತ ಸೊನ್ನೆ. ಆತ ಎಸ್ ಕಾರ್ಪೊರೇಷನ್ ಆಗಿ ಮಾರ್ಪಟ್ಟು ತನಗೇ 1,00,000 ಡಾಲರ್ ಸಂಬಳ ಕೊಟ್ಟುಕೊಂಡರೆ, ವೇತನದ ಮೇಲಿನ ತೆರಿಗೆಯನ್ನು ಬದಿಗಿಟ್ಟು ನೋಡಿದಾಗ, ಉಳಿದ ಲಾಭ 2,50,000 ಡಾಲರ್. ಅದರ ಶೇ 20 ಎಂದರೆ 50,000 ಡಾಲರ್, ವೇತನದ ಶೇ 50 ಎಂದರೂ 50,000 ಡಾಲರ್. ಸಂಬಳವು ಸಂಬಳಕ್ಕೆ ಮುಂಚಿನ ಲಾಭದ ಏಳರಲ್ಲಿ ಎರಡು ಪಾಲು, ಅಂದರೆ ಸುಮಾರು ಶೇ 28.57 ಆಗಿದ್ದಾಗ ಈ ಎರಡು ಸಂಖ್ಯೆಗಳು ಸೇರುತ್ತವೆ. ಸಂಬಳ ಅದಕ್ಕಿಂತ ಕಡಿಮೆಯಾದರೆ ವೇತನ ಮಿತಿ ಕಡಿತವನ್ನು ತಗ್ಗಿಸುತ್ತದೆ, ಹೆಚ್ಚಾದರೆ ಅರ್ಹ ಆದಾಯವೇ ಕುಗ್ಗುತ್ತದೆ. ಆದರೆ ಸಂಬಳವನ್ನು ಈ ಗಣಿತಕ್ಕೆ ತಕ್ಕಂತೆ ಮನಬಂದಂತೆ ನಿಗದಿಪಡಿಸುವಂತಿಲ್ಲ. ಮಾಡಿದ ಕೆಲಸಕ್ಕೆ ಅದು ನ್ಯಾಯಸಮ್ಮತವಾಗಿರಬೇಕು. ಗಡಿ ಮೊತ್ತದ ಕೆಳಗಿರುವವರಿಗೆ ಈ ಮಾರ್ಪಾಟಿನ ಫಲ ತಿರುವುಮುರುವು: ಸಂಬಳವಾಗಿ ಹೋದ ಪ್ರತಿ ಡಾಲರ್ ಅರ್ಹ ಆದಾಯದಿಂದ ಕಳೆದುಹೋಗುತ್ತದೆ.

ಹಲವು ವ್ಯವಹಾರಗಳಿರುವವರು ಅವುಗಳನ್ನು ಒಟ್ಟುಗೂಡಿಸಿ ಒಂದೇ ಎಂದು ಲೆಕ್ಕ ಹಾಕಬಹುದು. ಒಂದೇ ವ್ಯಕ್ತಿ ಅಥವಾ ಗುಂಪು ಪ್ರತಿಯೊಂದರಲ್ಲೂ ಕನಿಷ್ಠ ಶೇ 50 ಒಡೆತನ ಹೊಂದಿರಬೇಕು, ವ್ಯವಹಾರಗಳ ನಡುವೆ ಸರಕು, ಸೌಕರ್ಯ ಅಥವಾ ಕಾರ್ಯಾಚರಣೆಯ ನಿಜವಾದ ನಂಟಿರಬೇಕು. ಹೀಗೆ ಮಾಡಿದಾಗ ವೇತನ ಹೆಚ್ಚಿರುವ ಒಂದು ವ್ಯವಹಾರ ಲಾಭ ಹೆಚ್ಚಿರುವ ಇನ್ನೊಂದಕ್ಕೆ ಆಸರೆಯಾಗುತ್ತದೆ.

ನಿರ್ದಿಷ್ಟ ಸೇವಾ ವೃತ್ತಿಗಳು

ಆರೋಗ್ಯ, ಕಾನೂನು, ಲೆಕ್ಕಪತ್ರ, ವಿಮಾಗಣಿತ, ಪ್ರದರ್ಶನ ಕಲೆ, ಸಲಹಾ ಸೇವೆ, ಕ್ರೀಡೆ, ಹಣಕಾಸು ಸೇವೆ, ಷೇರು ದಲ್ಲಾಳಿ ಸೇವೆ, ಹೂಡಿಕೆ ನಿರ್ವಹಣೆ ಮತ್ತು ಷೇರು ವಹಿವಾಟುಗಳನ್ನು ಕಾನೂನು ನಿರ್ದಿಷ್ಟ ಸೇವಾ ವೃತ್ತಿಗಳೆಂದು ಹೆಸರಿಸಿದೆ. ಇವುಗಳಲ್ಲಿರುವವರ ಆದಾಯ ಗಡಿ ಮೊತ್ತದೊಳಗಿದ್ದರೆ ಪೂರ್ಣ ಕಡಿತ, ಸಂಕ್ರಮಣ ವಲಯದಲ್ಲಿದ್ದರೆ ಭಾಗಶಃ ಕಡಿತ. ವಲಯವನ್ನು ದಾಟಿದರೆ, ಎಷ್ಟೇ ನೌಕರರಿದ್ದರೂ, ಏನೂ ಸಿಗುವುದಿಲ್ಲ. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಇದೇ ಸಂಹಿತೆಯ ಬೇರೊಂದು ಸೆಕ್ಷನ್ನಿನ ಪಟ್ಟಿಯಲ್ಲಿದ್ದರೂ ಇಲ್ಲಿ ಅವನ್ನು ಕೈಬಿಡಲಾಗಿದೆ.

ಗೆರೆ ಎಲ್ಲಿ ಎಳೆಯಬೇಕೆಂಬುದನ್ನು 2019ರ ನಿಯಮಗಳು ವಿವರಿಸಿವೆ. ವೈದ್ಯರು, ದಂತವೈದ್ಯರು, ಪಶುವೈದ್ಯರು, ದಾದಿಯರು ಆರೋಗ್ಯ ವೃತ್ತಿಯೊಳಗೆ ಬರುತ್ತಾರೆ. ವ್ಯಾಯಾಮಶಾಲೆ, ಸ್ಪಾ ಮತ್ತು ಔಷಧ ಮಾರಾಟ ಬರುವುದಿಲ್ಲ. ಷೇರು ದಲ್ಲಾಳಿ ನಿರ್ದಿಷ್ಟ ಸೇವಾ ವೃತ್ತಿಯವನು, ಮನೆ-ನಿವೇಶನದ ಅಥವಾ ವಿಮೆಯ ದಲ್ಲಾಳಿ ಅಲ್ಲ. ಹಣಕಾಸು ಸೇವೆಯಲ್ಲಿ ಠೇವಣಿ ಪಡೆಯುವುದೂ ಸಾಲ ಕೊಡುವುದೂ ಸೇರದು. ಸಲಹಾ ಸೇವೆ ಎಂದರೆ ಗ್ರಾಹಕನ ಗುರಿ ಸಾಧನೆಗೆ, ಸಮಸ್ಯೆ ಪರಿಹಾರಕ್ಕೆ ವೃತ್ತಿಪರ ಸಲಹೆ ಕೊಡುವುದು. ವಸ್ತುವನ್ನು ಮಾರುವಾಗ ಅದರ ಜೊತೆಗೇ ಬರುವ ಸಲಹೆ ಇದಕ್ಕೆ ಸೇರದು.

ಮಾಲೀಕ ಅಥವಾ ನೌಕರರ ಖ್ಯಾತಿ, ಕೌಶಲವೇ ಮುಖ್ಯ ಆಸ್ತಿಯಾಗಿರುವ ಯಾವುದೇ ವ್ಯವಹಾರವೂ ನಿರ್ದಿಷ್ಟ ಸೇವಾ ವೃತ್ತಿಯೆಂದು ಕಾನೂನಿನ ಪಠ್ಯ ಹೇಳುತ್ತದೆ. ಅಕ್ಷರಶಃ ಓದಿದರೆ ಹೆಸರಾಂತ ಅಡುಗೆಯವನ ಹೋಟೆಲೂ ಅದರೊಳಗೆ ಬರಬೇಕಿತ್ತು. ಜಾಹೀರಾತಿಗೆ ಮುಖ ತೋರಿಸುವುದು, ಹೆಸರು-ಚಿತ್ರಗಳ ಬಳಕೆಗೆ ಪರವಾನಗಿ ಕೊಡುವುದು, ಸಮಾರಂಭಗಳಲ್ಲಿ ಹಣ ಪಡೆದು ಕಾಣಿಸಿಕೊಳ್ಳುವುದು ಇವಿಷ್ಟಕ್ಕೆ ನಿಯಮಗಳು ಆ ಮಾತನ್ನು ಸೀಮಿತಗೊಳಿಸಿವೆ. ಹೋಟೆಲ್‌ನ ಲಾಭಕ್ಕೆ ಕಡಿತವುಂಟು, ಅದೇ ಅಡುಗೆಯವನು ಪಾತ್ರೆಯ ಜಾಹೀರಾತಿಗೆ ಪಡೆದ ಹಣ ನಿರ್ದಿಷ್ಟ ಸೇವಾ ವೃತ್ತಿಯ ಆದಾಯ.

ವ್ಯವಹಾರದ ಒಂದು ಚಿಕ್ಕ ಭಾಗ ಮಾತ್ರ ಇಂಥ ಸೇವೆಯಾಗಿದ್ದರೆ ವಿನಾಯಿತಿ ಇದೆ. ವಾರ್ಷಿಕ ವಹಿವಾಟು 2.5 ಕೋಟಿ ಡಾಲರ್‌ವರೆಗಿದ್ದರೆ ಸೇವೆಯ ಪಾಲು ಶೇ 10ಕ್ಕಿಂತ, ಅದನ್ನು ಮೀರಿದ್ದರೆ ಶೇ 5ಕ್ಕಿಂತ ಕಡಿಮೆ ಇರಬೇಕು. ಕಚೇರಿ ಕಟ್ಟಡ, ಗುಮಾಸ್ತರ ಕೆಲಸ ಮೊದಲಾದವನ್ನು ಬೇರೆ ಸಂಸ್ಥೆಯಾಗಿ ಒಡೆದು ಕಡಿತ ಪಡೆಯುವ ಉಪಾಯವನ್ನೂ ನಿಯಮಗಳು ತಡೆದಿವೆ. ಎರಡೂ ಸಂಸ್ಥೆಗಳಲ್ಲಿ ಶೇ 50 ಅಥವಾ ಹೆಚ್ಚಿನ ಸಮಾನ ಒಡೆತನವಿದ್ದರೆ, ವಕೀಲರ ಸಂಸ್ಥೆಗೆ ಒದಗಿಸಿದ ಸೌಕರ್ಯದ ಆದಾಯವನ್ನೂ ನಿರ್ದಿಷ್ಟ ಸೇವಾ ವೃತ್ತಿಯದೆಂದೇ ಪರಿಗಣಿಸಲಾಗುತ್ತದೆ.

ಸಂಕ್ರಮಣ ವಲಯದ ಲೆಕ್ಕ

ಗಡಿ ಮೊತ್ತ ಮತ್ತು ವಲಯದ ತುದಿಯ ನಡುವಿನ ಲೆಕ್ಕ ಈ ಸೆಕ್ಷನ್ನಿನ ಅತ್ಯಂತ ತೊಡಕಿನ ಭಾಗ. 2025ರಲ್ಲಿ ಅವಿವಾಹಿತ ವ್ಯವಹಾರಸ್ಥರೊಬ್ಬರ ತೆರಿಗೆಗೊಳಪಡುವ ಆದಾಯ 2,22,300 ಡಾಲರ್, ಅರ್ಹ ವ್ಯವಹಾರ ಆದಾಯ 2,00,000 ಡಾಲರ್, ನೌಕರರಿಗೆ ಕೊಟ್ಟ ವೇತನ 60,000 ಡಾಲರ್ ಎಂದಿರಲಿ. ಬಂಡವಾಳ ಲಾಭವೂ ಆಸ್ತಿಯೂ ಇಲ್ಲ. ಆದಾಯವು ಗಡಿ ಮೊತ್ತ 1,97,300 ಡಾಲರನ್ನು 25,000 ಡಾಲರ್‌ನಿಂದ ಮೀರಿದೆ, ಅಂದರೆ 50,000 ಡಾಲರ್ ಅಗಲದ ವಲಯದ ಅರ್ಧ ದಾರಿ.

ವ್ಯವಹಾರ ಬಡಗಿ ಅಂಗಡಿಯಂಥ ಸಾಮಾನ್ಯ ವ್ಯವಹಾರವಾಗಿದ್ದರೆ ಆದಾಯದ ಶೇ 20 ಎಂದರೆ 40,000 ಡಾಲರ್, ವೇತನದ ಶೇ 50 ಎಂದರೆ 30,000 ಡಾಲರ್. ವ್ಯತ್ಯಾಸ 10,000 ಡಾಲರ್. ವಲಯದ ಅರ್ಧ ಕ್ರಮಿಸಿರುವುದರಿಂದ ಆ ವ್ಯತ್ಯಾಸದ ಅರ್ಧ, 5,000 ಡಾಲರ್, 40,000ದಿಂದ ಕಳೆಯುತ್ತದೆ. ಕಡಿತ 35,000 ಡಾಲರ್. ಇದು ತೆರಿಗೆಗೊಳಪಡುವ ಆದಾಯದ ಶೇ 20, ಅಂದರೆ 44,460 ಡಾಲರ್‌ಗಿಂತ ಕಡಿಮೆ ಇರುವುದರಿಂದ ಹಾಗೆಯೇ ನಿಲ್ಲುತ್ತದೆ.

ಅದೇ ವ್ಯಕ್ತಿ ವಕೀಲರಾಗಿದ್ದರೆ ಇಳಿಕೆ ಎರಡು ಸಲ ಆಗುತ್ತದೆ. ಮೊದಲು ಆದಾಯ ಮತ್ತು ವೇತನಗಳೆರಡನ್ನೂ ಅರ್ಧಕ್ಕೆ ಇಳಿಸಬೇಕು: 1,00,000 ಮತ್ತು 30,000 ಡಾಲರ್. ಆದಾಯದ ಶೇ 20 ಎಂದರೆ 20,000 ಡಾಲರ್, ವೇತನದ ಶೇ 50 ಎಂದರೆ 15,000 ಡಾಲರ್. ವ್ಯತ್ಯಾಸ 5,000 ಡಾಲರ್‌ನ ಅರ್ಧವಾದ 2,500 ಡಾಲರನ್ನು ಕಳೆದಾಗ ಕಡಿತ 17,500 ಡಾಲರ್. ವಲಯದೊಳಗೆ ಗಳಿಕೆ ಹೆಚ್ಚಿದಂತೆ ಕಡಿತ ಕರಗುವುದರಿಂದ, ಹೆಚ್ಚುವರಿ ಪ್ರತಿ ಡಾಲರ್ ಮೇಲೆ ಬೀಳುವ ನಿಜವಾದ ತೆರಿಗೆ ಸ್ಲ್ಯಾಬ್‌ನಲ್ಲಿ ಕಾಣುವ ದರಕ್ಕಿಂತ ಹೆಚ್ಚಾಗಿರುತ್ತದೆ.

ನಷ್ಟ, ಬಾಡಿಗೆ ಮತ್ತು ಇತರ ಆದಾಯ

ಒಂದು ವ್ಯವಹಾರದ ನಷ್ಟವನ್ನು ಇತರ ವ್ಯವಹಾರಗಳ ಅರ್ಹ ಆದಾಯಕ್ಕೆ ಅವುಗಳ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು. ಒಟ್ಟಾರೆ ಮೊತ್ತವೇ ನಷ್ಟವಾಗಿದ್ದರೆ ಆ ವರ್ಷ ವ್ಯವಹಾರ ಆದಾಯದ ಮೇಲೆ ಕಡಿತವಿಲ್ಲ, ನಷ್ಟ ಮುಂದಿನ ವರ್ಷಕ್ಕೆ ಸಾಗುತ್ತದೆ. 2024ರಲ್ಲಿ 20,000 ಡಾಲರ್ ನಷ್ಟವಾಗಿ 2025ರಲ್ಲಿ 50,000 ಡಾಲರ್ ಅರ್ಹ ಆದಾಯ ಬಂದರೆ ಲೆಕ್ಕಕ್ಕೆ ಉಳಿಯುವುದು 30,000 ಡಾಲರ್. 2024ರ ನಷ್ಟವನ್ನು ಆ ವರ್ಷವೇ ಬೇರೆ ಆದಾಯಕ್ಕೆ ಹೊಂದಿಸಿಕೊಂಡಿದ್ದರೂ ಈ ಇಳಿಕೆ ತಪ್ಪದು.

ಬಾಡಿಗೆ ಆದಾಯಕ್ಕೆ ಕಡಿತ ಸಿಗಬೇಕಾದರೆ ಬಾಡಿಗೆ ಕೊಡುವುದು ವ್ಯವಹಾರದ ಮಟ್ಟಕ್ಕೆ ಏರಿರಬೇಕು. ಈ ಅಸ್ಪಷ್ಟತೆಯನ್ನು ಕಡಿಮೆ ಮಾಡಲು 2019ರಲ್ಲಿ ಕಂದಾಯ ಇಲಾಖೆ ಒಂದು ಅಳತೆಗೋಲನ್ನು ಪ್ರಕಟಿಸಿತು. ಪ್ರತ್ಯೇಕ ಲೆಕ್ಕಪುಸ್ತಕವಿಟ್ಟು, ವರ್ಷಕ್ಕೆ ಕನಿಷ್ಠ 250 ಗಂಟೆ ಬಾಡಿಗೆ ಸೇವೆಯ ದಾಖಲೆ ತೋರಿಸಿದರೆ ಅದನ್ನು ವ್ಯವಹಾರವೆಂದು ಒಪ್ಪಲಾಗುತ್ತದೆ. ಮಾಲೀಕನ ಪರವಾಗಿ ಇತರರು ಮಾಡಿದ ಕೆಲಸವೂ ಗಂಟೆಗಳಲ್ಲಿ ಸೇರುತ್ತದೆ. ತೆರಿಗೆ, ವಿಮೆ, ದುರಸ್ತಿಗಳೆಲ್ಲ ಬಾಡಿಗೆದಾರನ ಪಾಲಿಗಿರುವ ಕರಾರುಗಳಿಗೆ ಈ ಅಳತೆಗೋಲು ಅನ್ವಯಿಸದು.

ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್‌ಗಳ ಅರ್ಹ ಡಿವಿಡೆಂಡ್ ಮತ್ತು ಷೇರುಪೇಟೆಯಲ್ಲಿ ವಹಿವಾಟಾಗುವ ಪಾಲುದಾರಿಕೆಗಳ ಆದಾಯಕ್ಕೂ ಶೇ 20ರ ಕಡಿತವಿದೆ. ವೇತನದ ಮಿತಿ ಇವಕ್ಕೆ ಇಲ್ಲ. ಹಾಗಾಗಿ ಸ್ವಂತ ವ್ಯವಹಾರವಿಲ್ಲದ ಹೂಡಿಕೆದಾರರ ರಿಟರ್ನ್‌ನಲ್ಲಿಯೂ ಈ ಕಡಿತ ಕಾಣಿಸಿಕೊಳ್ಳುತ್ತದೆ.

ನಮೂನೆಗಳು ಮತ್ತು ದಂಡ

ಗಡಿ ಮೊತ್ತದೊಳಗಿನವರು ಒಂದು ಪುಟದ 8995 ನಮೂನೆಯನ್ನು ತುಂಬುತ್ತಾರೆ. ಗಡಿ ದಾಟಿದವರಿಗೂ ಕೃಷಿ ಸಹಕಾರ ಸಂಘಗಳ ಸದಸ್ಯರಿಗೂ 8995-ಎ ನಮೂನೆ. ಅದಕ್ಕೆ ನಾಲ್ಕು ಅನುಬಂಧಗಳಿದ್ದು, ಕ್ರಮವಾಗಿ ನಿರ್ದಿಷ್ಟ ಸೇವಾ ವೃತ್ತಿ, ವ್ಯವಹಾರಗಳ ಒಟ್ಟುಗೂಡಿಕೆ, ನಷ್ಟದ ಹಂಚಿಕೆ ಮತ್ತು ಸಹಕಾರ ಸಂಘದ ಸದಸ್ಯರಿಗೆ ಸಂಬಂಧಿಸಿವೆ. ಈ ನಮೂನೆಗಳು ಬಳಕೆಗೆ ಬಂದದ್ದು 2019ರ ತೆರಿಗೆ ವರ್ಷದಿಂದ.

ತೆರಿಗೆಯನ್ನು ಗಣನೀಯವಾಗಿ ಕಡಿಮೆ ತೋರಿಸಿದರೆ ಶೇ 20ರ ದಂಡವಿದೆ. ಸಾಮಾನ್ಯ ವ್ಯಕ್ತಿಗೆ ನಿಜವಾದ ತೆರಿಗೆಯ ಶೇ 10 ಅಥವಾ 5,000 ಡಾಲರ್, ಯಾವುದು ಹೆಚ್ಚೋ ಅದನ್ನು ಮೀರಿದ ಕೊರತೆಯನ್ನು ಗಣನೀಯವೆನ್ನುತ್ತಾರೆ. ಸೆಕ್ಷನ್ 199ಎ ಕಡಿತ ಕೋರಿದವರಿಗೆ ಆ ಶೇ 10, ಶೇ 5ಕ್ಕೆ ಇಳಿಯುತ್ತದೆ. ತಪ್ಪು ಈ ಕಡಿತದಲ್ಲಿಯೇ ಆಗಿರಬೇಕೆಂದಿಲ್ಲ.

ಬಹುತೇಕ ರಾಜ್ಯಗಳ ಆದಾಯ ತೆರಿಗೆಯಲ್ಲಿ ಈ ಕಡಿತಕ್ಕೆ ಸ್ಥಾನವಿಲ್ಲ. ಕ್ಯಾಲಿಫೋರ್ನಿಯ ಮತ್ತು ನ್ಯೂಯಾರ್ಕ್ ಇದನ್ನು ಒಪ್ಪುವುದಿಲ್ಲ. ಫೆಡರಲ್ ತೆರಿಗೆಗೊಳಪಡುವ ಆದಾಯದಿಂದಲೇ ಲೆಕ್ಕ ಆರಂಭಿಸುವ ಐಡಾಹೊ, ನಾರ್ತ್ ಡಕೋಟದಂಥ ಕೆಲವು ರಾಜ್ಯಗಳಲ್ಲಿ ಇದು ತಾನಾಗಿಯೇ ದೊರೆಯುತ್ತದೆ.

ಪರಿಣಾಮ ಮತ್ತು ಟೀಕೆ

2017ರಲ್ಲಿ ಸಂಸತ್ತಿನ ತೆರಿಗೆ ಜಂಟಿ ಸಮಿತಿಯು ಈ ಕಡಿತದಿಂದ ಹತ್ತು ವರ್ಷಗಳಲ್ಲಿ ಬೊಕ್ಕಸಕ್ಕೆ 414.5 ಶತಕೋಟಿ ಡಾಲರ್ ಹೊರೆಯೆಂದು ಅಂದಾಜಿಸಿತ್ತು. ಬಳಸುವವರ ಸಂಖ್ಯೆಯಲ್ಲಿ ಸಾಧಾರಣ ಆದಾಯದ ಸ್ವಯಂ ಉದ್ಯೋಗಿಗಳು ಹೆಚ್ಚು, ಉಳಿತಾಯದ ಮೊತ್ತದಲ್ಲಿ ದೊಡ್ಡ ಪಾಲು ಹೆಚ್ಚು ಆದಾಯದವರದು. ಲೂಕಸ್ ಗುಡ್‌ಮನ್, ಕ್ಯಾಥರೀನ್ ಲಿಮ್, ಬ್ರೂಸ್ ಸ್ಯಾಸರ್ಡೋಟ್ ಮತ್ತು ಆಂಡ್ರೂ ವಿಟನ್ 2021ರಲ್ಲಿ ತೆರಿಗೆ ದಾಖಲೆಗಳನ್ನು ಆಧರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದ ವರ್ಷಗಳಲ್ಲಿ ಹೂಡಿಕೆ, ಉದ್ಯೋಗ ಅಥವಾ ಮಾಲೀಕರಲ್ಲದ ನೌಕರರ ವೇತನ ಹೆಚ್ಚಿದ್ದಕ್ಕೆ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಒಂದೇ ಮೊತ್ತ ದುಡಿಯುವ ನೌಕರನಿಗೂ ಸ್ವತಂತ್ರ ಗುತ್ತಿಗೆದಾರನಿಗೂ ಬೇರೆ ಬೇರೆ ತೆರಿಗೆ ಬೀಳುವುದು, ವಕೀಲನಿಗಿಲ್ಲದ ಸೌಲಭ್ಯ ವಾಸ್ತುಶಿಲ್ಪಿಗಿರುವುದು ಇವು ಮುಖ್ಯ ಆಕ್ಷೇಪಗಳು. ಶೇ 21ರ ಕಾರ್ಪೊರೇಟ್ ದರ ಕಾಯಂ ಆಗಿರುವಾಗ ಸಣ್ಣ ವ್ಯವಹಾರಗಳಿಗೂ ಸಮನಾದ ಭರವಸೆ ಬೇಕೆಂಬುದು ಸ್ವತಂತ್ರ ವ್ಯವಹಾರಗಳ ರಾಷ್ಟ್ರೀಯ ಒಕ್ಕೂಟ ಮೊದಲಾದ ಬೆಂಬಲಿಗರ ವಾದ.

ಇಂದಿನ ಸ್ಥಿತಿ

ಮೂಲ ಕಾಯ್ದೆಯ ಪ್ರಕಾರ ಈ ಕಡಿತ 2025ರ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. 2025ರಲ್ಲಿ ಪ್ರತಿನಿಧಿ ಸಭೆ ಪ್ರಮಾಣವನ್ನು ಶೇ 23ಕ್ಕೆ ಏರಿಸುವ ಮಸೂದೆಯನ್ನು ಅಂಗೀಕರಿಸಿತ್ತು. ಜುಲೈ 4ರಂದು ಸಹಿಯಾದ ಅಂತಿಮ ಕಾಯ್ದೆ ಶೇ 20ನ್ನೇ ಉಳಿಸಿಕೊಂಡು, ಮುಕ್ತಾಯದ ದಿನಾಂಕವನ್ನು ತೆಗೆದುಹಾಕಿತು. ಮುಂದಿನ ಹತ್ತು ವರ್ಷಗಳಲ್ಲಿ ಇದರ ವೆಚ್ಚವನ್ನು 700 ಶತಕೋಟಿ ಡಾಲರ್‌ಗಿಂತ ಹೆಚ್ಚೆಂದು ಅಂದಾಜಿಸಲಾಗಿದೆ.

2026ರಿಂದ ಸಂಕ್ರಮಣ ವಲಯ ಅಗಲವಾಗಿರುವುದರ ಜೊತೆಗೆ 400 ಡಾಲರ್‌ಗಳ ಕನಿಷ್ಠ ಕಡಿತವೂ ಬಂದಿದೆ. ತಾನು ಸಕ್ರಿಯವಾಗಿ ತೊಡಗಿರುವ ವ್ಯವಹಾರಗಳಿಂದ ಕನಿಷ್ಠ 1,000 ಡಾಲರ್ ಅರ್ಹ ಆದಾಯವಿರುವವರಿಗೆ ಇದು ಅನ್ವಯಿಸುತ್ತದೆ. 2,000 ಡಾಲರ್ ಆದಾಯದ ಶೇ 20 ಎಂದರೆ 400 ಡಾಲರೇ ಆಗುವುದರಿಂದ, ಮುಖ್ಯವಾಗಿ 1,000ದಿಂದ 2,000 ಡಾಲರ್ ನಡುವಿನ ಚಿಕ್ಕ ಉಪವೃತ್ತಿಗಳಿಗೆ ಇದರ ಪ್ರಯೋಜನ. 400 ಮತ್ತು 1,000 ಡಾಲರ್‌ಗಳ ಈ ಎರಡು ಮೊತ್ತಗಳು 2026ರ ನಂತರದ ವರ್ಷಗಳಲ್ಲಿ ಹಣದುಬ್ಬರಕ್ಕೆ ತಕ್ಕಂತೆ ಏರುತ್ತವೆ.